ಭಾವ ಪಾಸು ಮಾಡದ ಕೊಳ

ನಮ್ಮ ಭಾವನಿಗೆ ದೇವರೇನಾದರೂ ಪ್ರತ್ಯಕ್ಷನಾಗಿದ್ದರೆ ಅವರು ವರ ಕೇಳುತ್ತಿರಲಿಲ್ಲ. ಅಂಗಿಯ ಜೇಬಿನಿಂದ ಅಳತೆಯ ಕ್ಯಾಲಿಪರ್ ತೆಗೆದು ದೇವರ ನಾಲ್ಕೂ ಕೈಗಳನ್ನು ಅಳೆಯುತ್ತಿದ್ದರು. ಒಂದು ಕೈ ಕೂದಲೆಳೆಯಷ್ಟು ಗಿಡ್ಡ ಬಂದರೂ ಮುಗಿಯಿತು, ಸರಿಮಾಡಿಸಿಕೊಂಡು ಮುಂದಿನ ವಾರ ಬನ್ನಿ ಎಂದು ವಾಪಸು ಕಳಿಸಿಬಿಡುತ್ತಿದ್ದರು! ಉತ್ಪ್ರೇಕ್ಷೆ ಅನ್ನುತ್ತೀರಾ? ನೀವು ಅವರ ಪಕ್ಕ ಕುಳಿತು ಒಂದು ಹೊತ್ತು ದೋಸೆ ತಿಂದಿಲ್ಲ, ಅದಕ್ಕೇ ಹಾಗನ್ನುತ್ತೀರಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪೀಣ್ಯದಲ್ಲಿ ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಮಷಿನ್ನಿನಿಂದ ಇಳಿದ ಪ್ರತಿಯೊಂದು ಬಿಡಿಭಾಗವೂ ಇವರ ಕೈ ದಾಟಿಯೇ ಹೊರಗೆ ಹೋಗಬೇಕು. ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ತಪ್ಪಿದ್ದರೆ ಕೆಂಪು ಸೀಮೆಸುಣ್ಣದ ಇಂಟು ಮಾರ್ಕು. ಆ ಸೀಮೆಸುಣ್ಣ ಕಾರ್ಖಾನೆಯಲ್ಲೇ ಇದ್ದಿದ್ದರೆ ಯಾರಿಗೂ ತಕರಾರು ಇರಲಿಲ್ಲ. ಅದು ಜೇಬಿನಲ್ಲಿ ಕೂತು ಮನೆಗೂ ಬರುತ್ತಿತ್ತು. ಬಾಗಿಲು ಕಿರುಗುಟ್ಟಿತೇ? ಇಂಟು. ಕುಕ್ಕರಿನ ಹಿಡಿ ಅಲ್ಲಾಡಿತೇ? ಇಂಟು. ನಾನು ಆಗ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಇದ್ದೆ. ನನ್ನನ್ನು ನೋಡಲು ಬಂದ ಗಂಡೊಬ್ಬನ ಸ್ಕೂಟರು ಹೊರಡುವಾಗ ಸ್ಟಾರ್ಟ್ ಆಗಲಿಲ್ಲ. ಅವನು ಕಿಕ್ಕರ್ ಒದೆಯುತ್ತಲೇ ಇದ್ದ, ಇವರು ಹಿಂದಿನಿಂದ ಹೋಗಿ ಮಡ್‌ಗಾರ್ಡಿಗೆ ಇಂಟು ಹಾಕಿ ಬಂದರು. ಆ ಸಂಬಂಧ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇದರ ಮೇಲೆ ಟ್ರಯಲ್ಲಿನ ಹುಚ್ಚು ಬೇರೆ. ಕಾರ್ಖಾನೆಗಳಲ್ಲಿ ಒಂದು ಕ್ರಮ ಉಂಟು. ಹೊಸ ಮಾಲು ಶುರುಮಾಡುವ ಮೊದಲು ಒಂದೇ ಒಂದು ಪೀಸು ಮಾಡಿ ನೋಡುತ್ತಾರೆ. ಅದು ಪಾಸಾದರೆ ಮಾತ್ರ ಮುಂದಿನ ಕೆಲಸ. ಆ ಟ್ರಯಲ್ ಪೀಸನ್ನು ಗಿರಾಕಿಯ ಕಣ್ಣಿಗೆ ಬೀಳಿಸುವುದಿಲ್ಲ, ಗಿರಾಕಿಗೆ ಹೋಗುವುದು ಕುಂದಿಲ್ಲದ ಮಾಲು ಮಾತ್ರ. ಭಾವ ಈ ಕ್ರಮವನ್ನು ಸಂಸಾರಕ್ಕೂ ತಂದಿದ್ದರು. ಬಾಡಿಗೆ ಮನೆಗೆ ಹೊಸದಾಗಿ ಬಂದಾಗ ಹಾಲು ಉಕ್ಕಿಸಬೇಕಲ್ಲ, ಅದು ಯಾವ ದಿಕ್ಕಿಗೆ ಉಕ್ಕುತ್ತದೆಂದು ನೋಡಲು ಹಿಂದಿನ ದಿನವೇ ಹಾಲು ತಂದು ಟ್ರಯಲ್ ಉಕ್ಕಿಸಿದರು. "ಯಾವತ್ತು ಬರ್ಬೇಕು ಅಂತ ದೇವ್ರಿಗೇ ಗೊತ್ತಾಗಲ್ಲ ಕಣ್ರೀ" ಎಂದು ಅಕ್ಕ ಒಲೆ ಒರೆಸುತ್ತ ಹೇಳಿದಳು.

ಇಂಥ ಮನುಷ್ಯ ಮೆಕ್ಸಿಕೋಗೆ ಹೋಗಿಬಂದರು! ತೊಂಬತ್ತರ ದಶಕದ ನಡುವಿನ ಮಾತು. ಕಾರ್ಖಾನೆಯ ಪಂಪುಗಳು ಆ ದೇಶಕ್ಕೆ ಹೋಗಿದ್ದವು. ಹೋದವು ಸುಮ್ಮನಿರದೆ ಸೋರತೊಡಗಿದವು. ಅವು ಪಾಸಾದ ವಾರ ಭಾವ ಟೈಫಾಯಿಡ್ ಆಗಿ ಮಲಗಿದ್ದರೆಂಬುದನ್ನು ನಾನಿಲ್ಲಿ ಹೇಳದಿದ್ದರೆ ಅವರು ನನ್ನನ್ನು ಕ್ಷಮಿಸುವುದಿಲ್ಲ. ಸೋರುವುದನ್ನು ನಿಲ್ಲಿಸಲು ಅವರನ್ನೇ ಕಳಿಸಿದರು. ಇವರು ಹೋಗಿ ವಾಷರುಗಳನ್ನೆಲ್ಲ ಬದಲಾಯಿಸಿ, ಅಲ್ಲಿಯವರ ಗೋಡೆ ಗಡಿಯಾರಕ್ಕೂ ಒಂದು ಇಂಟು ಹಾಕಿ ಕೆಲಸ ಮುಗಿಸಿದರು. ಆ ಜನ ಖುಷಿಯಾಗಿ, ಹೊರಡುವ ಮುಂಚಿನ ದಿನ ಇವರನ್ನು ಗೈಡ್ ಇರುವ ಒಂದು ದಿನದ ಪ್ರವಾಸಕ್ಕೆ ಹತ್ತಿಸಿದರಂತೆ.

ಆ ಪ್ರವಾಸದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಮಾಯಾ ಎಂಬ ಹಳೆಯ ಜನರ ಪಾಳುಬಿದ್ದ ಪಟ್ಟಣ. ಮಧ್ಯಾಹ್ನ ಸ್ನಾರ್ಕೆಲಿಂಗ್, ಅಂದರೆ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು ಸಮುದ್ರದಲ್ಲಿ ತೇಲುತ್ತ ಮೀನು ನೋಡುವುದು. ಸಂಜೆ, ನೆಲ ಕುಸಿದು ತಾನಾಗಿ ಉಂಟಾದ ಕೊಳದಲ್ಲಿ ಈಜು. ಗೈಡು ಒಂದು ಛತ್ರಿ ಎತ್ತಿ ಹಿಡಿದು ಮುಂದೆ ನಡೆದರೆ ಎಲ್ಲರೂ ಅದರ ಹಿಂದೆ ನಡೆಯಬೇಕು. ಕೊಳಕ್ಕೆ ಇಳಿಯುವ ಮೊದಲು ಸ್ನಾನ ಮಾಡಬೇಕಂತೆ, ಮೈಯ ಎಣ್ಣೆ ನೀರಿಗೆ ಸೇರಬಾರದಂತೆ. ಈ ಒಂದು ವಿಷಯಕ್ಕೆ ಭಾವ ಆ ದೇಶಕ್ಕೇ ಹಸಿರು ಚುಕ್ಕೆ ಇಟ್ಟಿದ್ದರು.

ಆದರೆ ಭಾವನಿಗೆ ಈಜು ಬಾರದು. ಸಮುದ್ರದಲ್ಲಿ ಎಲ್ಲರೂ ತೇಲುತ್ತಿದ್ದಾಗ ಇವರು ದೋಣಿಯಲ್ಲಿ ಕುಳಿತು ಎಲ್ಲರ ಕನ್ನಡಕ, ಚಪ್ಪಲಿ ಕಾದರು. ಕೊಳದಲ್ಲಿ ಕಾಲು ಮಾತ್ರ ಇಳಿಬಿಟ್ಟು ಕುಳಿತಿದ್ದರು. ಮೇಲೆ ನೆಲ ಕುಸಿದ ಬಾಯಿಂದ ಸಂಜೆಬಿಸಿಲು ಓರೆಯಾಗಿ ನೀರೊಳಕ್ಕೆ ಇಳಿದಿತ್ತಂತೆ. ದಡದ ಮರಗಳ ಬೇರುಗಳು ಜೋತುಬಿದ್ದು ನೀರು ಮುಟ್ಟುತ್ತಿದ್ದವಂತೆ. ತಳದ ಕಲ್ಲು ಕಾಣುವಷ್ಟು ತಿಳಿ ನೀರಂತೆ. ಇದನ್ನು ಅವರು ಹೇಳುವಾಗ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಅವಳ ಕೈ ನಿಂತಿತು.

"ನೀವು ಇಳೀಲೇ ಇಲ್ವಾ?"

"ನಂಗೆಲ್ಲಿ ಬರುತ್ತೆ? ನೀನಾಗಿದ್ರೆ ಇಳ್ದೇ ಬಿಡ್ತಿದ್ದೆ."

ಹೌದು, ಅಕ್ಕ ಆಗಿದ್ದರೆ ಗೈಡು ಛತ್ರಿ ಮಡಿಚುವ ಮೊದಲೇ ಧುಮುಕಿರುತ್ತಿದ್ದಳು. ನಮ್ಮ ತವರು ಚಿತ್ರದುರ್ಗದ ಕಡೆ. ಹೊಲದಲ್ಲಿ ಒಂದು ದೊಡ್ಡ ಕಲ್ಲುಬಾವಿ ಇತ್ತು. ಅಕ್ಕ ಪಂಪ್‌ಹೌಸಿನ ಮಾಳಿಗೆ ಹತ್ತಿ ಅಲ್ಲಿಂದ ಹಾರುತ್ತಿದ್ದಳು. ನನಗೆ ಈಜು ಕಲಿಸಿದವಳೂ ಅವಳೇ. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಗದ್ದದ ಕೆಳಗೆ ಅಂಗೈ ಕೊಟ್ಟು, ಬಾವಿಯ ತುಂಬ ಸುತ್ತಾಡಿಸುತ್ತಿದ್ದಳು. ಆ ಕೈ ಯಾವಾಗ ತೆಗೆದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮದುವೆಯಾಗಿ ಪೀಣ್ಯಕ್ಕೆ ಬಂದಳು. ನೀರೆತ್ತುವ ಪಂಪು ಮಾಡುವವರ ಮನೆಯಲ್ಲಿ ನೀರಿಗೆ ಬರ! ನಲ್ಲಿ ಬಂದರೆ ಹಬ್ಬ, ಇಲ್ಲದಿದ್ದರೆ ಟ್ಯಾಂಕರು. ಸ್ನಾನ ಒಂದು ಬಕೆಟ್ಟಿನಲ್ಲಿ ಮುಗಿಯಬೇಕು. ಬಕೆಟ್ಟು ತುಂಬಿದಾಗ ಅಕ್ಕ ಮೊದಲು ನೀರಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದಳು.

ಅವತ್ತು ಅಕ್ಕ ಕೇಳಿದ್ದು ಇಷ್ಟೇ. "ಅಂಥ ನೀರು ಇಲ್ಲೆಲ್ಲಾದ್ರೂ ಇದ್ರೆ ಒಂದ್ಸಲ ಕರ್ಕೊಂಡು ಹೋಗ್ರಿ. ಪಾಳು ಗುಡಿ, ಮೀನು ಏನೂ ಬೇಡ. ನೀರೊಂದಿದ್ರೆ ಸಾಕು."

ಮದುವೆಯಾದಾಗಿನಿಂದ ಅವಳು ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳಿದ್ದನ್ನು ಭಾವ ನೀರೊಂದಕ್ಕೇ ಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಪೀಣ್ಯದ ಜನಕ್ಕೆ ಒಂದು ಹೆಮ್ಮೆಯಿದೆ: ಯಾವ ದೇಶದ ಸ್ಯಾಂಪಲ್ ಆದರೂ ಕೈಗೆ ಕೊಡಿ, ಅದರಂಥದೇ ಇನ್ನೊಂದು ಮಾಡಿಕೊಡುತ್ತೇವೆ! ಭಾವನ ಕೈಗೆ ಸ್ಯಾಂಪಲ್ ಸಿಕ್ಕಿತ್ತು. ಆದ್ದರಿಂದ ಬೆಳಿಗ್ಗೆ ಪಾಳು, ಮಧ್ಯಾಹ್ನ ಸ್ನಾರ್ಕೆಲಿಂಗ್, ಸಂಜೆ ಕೊಳ. ಇದೇ ಅನುಕ್ರಮ. ಒಂದು ಬಿಟ್ಟು ಒಂದಿಲ್ಲ.

ಎರಕದ ಮಾಲು ಪರೀಕ್ಷಿಸಲು ಅವರು ಆಗಾಗ ವೈಟ್‌ಫೀಲ್ಡಿನಾಚೆ ಹೋಗುತ್ತಿದ್ದರು. ಆ ಓಡಾಟದಲ್ಲೇ ಮೂರೂ ಜಾಗ ಗೊತ್ತುಮಾಡಿದರು. ಕಾಡುಗೋಡಿಯ ಹತ್ತಿರ ಒಂದು ಮುರಿದ ಕಲ್ಲುಮಂಟಪ, ವರ್ತೂರಿನ ಒಬ್ಬ ರೈತರ ಹೂದೋಟದ ಸಿಮೆಂಟು ತೊಟ್ಟಿ, ಆಮೇಲೆ ಒಂದು ಹಳೆಯ ಕಲ್ಲು ಕ್ವಾರಿಯ ಕೊಳ. ಅಕ್ಕ ಗಿರಾಕಿ. ಗಿರಾಕಿಗೆ ಟ್ರಯಲ್ ತೋರಿಸುವುದುಂಟೇ? ಹಾಗಾಗಿ ಟ್ರಯಲ್ ಪೀಸಾಗಿ ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತವಳು ನಾನು.

ಮಂಟಪದ ಹತ್ತಿರ ಸ್ಕೂಟರು ನಿಲ್ಲಿಸಿ ಭಾವ ಛತ್ರಿ ಎತ್ತಿ ಹಿಡಿದು ಮುಂದೆ ನಡೆದರು. ಒಬ್ಬಳೇ ಇದ್ದ ಪ್ರವಾಸಿಗರ ಗುಂಪು ನಾನು, ಹಿಂದೆ ನಡೆದೆ. ಇದು ಯಾವ ಪಾರ್ಟಿಯ ಮೆರವಣಿಗೆ ಎಂದು ದಾರಿಯಲ್ಲಿ ಕೇಳಿದವರೂ ಇದ್ದರು. ಭಾವ ಮಂಟಪದ ಮುಂದೆ ನಿಂತು, ಇಲ್ಲಿ ರಾಜರಿದ್ದರು, ಈ ಅಂಗಳದಲ್ಲಿ ಚೆಂಡಿನ ಪಂದ್ಯ ನಡೆಯುತ್ತಿತ್ತು ಎಂದು ಮೆಕ್ಸಿಕೋದ ಗೈಡಿನ ಮಾತನ್ನೇ ಕಾಡುಗೋಡಿಗೆ ಹೊಂದಿಸಿ ಹೇಳಿದರು. ಅಲ್ಲೇ ಬೀಡಿ ಸೇದುತ್ತ ಕುಳಿತಿದ್ದ ಊರಿನ ಯಜಮಾನರು ತಲೆಯಾಡಿಸಿದರು. "ನಮ್ ತಾತನ್ ಕಾಲ್ದಾಗೂ ಇದು ಇಂಗೇ ಬಿದ್ದಿತ್ತು ಸಾರ್. ಆಟ ಈಗ್ಲೂ ಆಡ್ತಾರೆ. ಇಸ್ಪೀಟು." ಇತಿಹಾಸಕ್ಕೆ ಇಂಟು ಬಿತ್ತು. ಊರವರಿಂದ ಸರಿಯಾದ ಕಥೆ ಕೇಳಿ ತಿಳಿದುಕೊಳ್ಳಲು ಭಾವ ಮತ್ತೆ ಮತ್ತೆ ಹೋಗಬೇಕಾಯಿತು.

ಮುಖವಾಡ ಅವರೇ ಮಾಡಿದ್ದು. ಗಾಜಿಗೆ ಟಯರ್ ಟ್ಯೂಬಿನ ರಬ್ಬರು, ಉಸಿರಿಗೆ ಪಿ.ವಿ.ಸಿ. ಪೈಪು. ತೊಟ್ಟಿಯಲ್ಲಿ ಮುಖ ಅದ್ದಿದೆನೋ ಇಲ್ಲವೋ, ಮೂಗಿನವರೆಗೆ ನೀರು ತುಂಬಿತು. ಪಂಪು ಸೋರಿದ ನೋವು ಇನ್ನೂ ಆರದ ಮನುಷ್ಯನ ಎದುರು ಮುಖವಾಡವೂ ಸೋರುವುದೇ! ರಬ್ಬರು ಬದಲಾಯಿತು, ಅಂಚು ಬದಲಾಯಿತು, ಪ್ರತಿಸಲ ನಾನು ಮುಳುಗಿ ಕೆಮ್ಮುತ್ತ ಎದ್ದೆ. ಕೊನೆಗೆ ಪಂಪಿಗೆ ಹಾಕುವ ವಾಷರಿನ ರಬ್ಬರನ್ನೇ ನನ್ನ ಮುಖದ ಅಳತೆಗೆ, ಅಂದರೆ ಅಕ್ಕನ ಮುಖದ ಅಳತೆಗೆ, ಕತ್ತರಿಸಿ ಕೂರಿಸಿದರು. ನಮ್ಮಿಬ್ಬರ ಮುಖ ಒಂದೇ ಅಚ್ಚು. ಅದಾದ ಮೇಲೆ ಒಂದು ಹನಿಯೂ ಒಳಗೆ ಬರಲಿಲ್ಲ. ಹಸಿರು ಚುಕ್ಕೆ ಬಿತ್ತು.

ಆದರೆ ಮುಖವಾಡದೊಳಗಿಂದ ನೋಡಲು ತೊಟ್ಟಿಯಲ್ಲಿ ಏನಿತ್ತು? ಪಾಚಿ. ಭಾವ ಪೇಟೆಯಿಂದ ಬಣ್ಣದ ಮೀನು ತಂದು ಬಿಟ್ಟರು. ಮುಂದಿನ ಭಾನುವಾರ ಹೋದರೆ ರೈತರು ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. "ಕೊಕ್ಕರೆ ಬಂದು ನಿಂತ್ಕಂಡು ನಿಧಾನವಾಗಿ ಆರಿಸ್ಕಂಡು ತಿಂತು ಸಾರ್. ಬಣ್ಣದ್ ಮೀನು ಅಲ್ವಾ, ಅದ್ಕೂ ಚೆನ್ನಾಗಿ ಕಾಣಿಸ್ತು." ಹಾರಿಹೋದ ಕೊಕ್ಕರೆಗೆ ಇಂಟು ಹಾಕಲಾಗದೆ ಭಾವ ಚಡಪಡಿಸಿದರು. ತೊಟ್ಟಿಗೆ ಬಲೆ ಬಂತು. ಹೊಸ ಮೀನು ಬಂದವು. ಅವು ಒಗ್ಗಿಕೊಳ್ಳಲಿ ಎಂದು ಇನ್ನಷ್ಟು ಭಾನುವಾರಗಳು ಹೋದವು.

ಇನ್ನು ಕೊಳ. ಆ ಕೊಳದ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಕಲ್ಲು ಒಡೆಯುವುದು ನಿಂತು ಎಷ್ಟೋ ಕಾಲವಾಗಿತ್ತು. ಗುಂಡಿಯಲ್ಲಿ ಸೆಲೆ ಎದ್ದು ನೀರು ತುಂಬಿತ್ತು. ಮನುಷ್ಯ ತೋಡಿದ್ದು, ಆದರೆ ನೀರು ತಾನಾಗಿ ಬಂದದ್ದು, ಆದ್ದರಿಂದ ಅರ್ಧ ನ್ಯಾಚುರಲ್ ಎಂದು ಭಾವ ತೀರ್ಪು ಕೊಟ್ಟರು. ಬಂಡೆಯ ಅಂಚಿನಲ್ಲಿ ಒಂದು ಅತ್ತಿಮರ. ಅದರ ಬೇರುಗಳು ಬಂಡೆಯ ಮೇಲಿಂದ ಜೋತು ನೀರು ಮುಟ್ಟಿದ್ದವು. ಭಾವ ಕ್ಯಾನಿನಿಂದ ನನ್ನ ತಲೆಗೆ ನೀರು ಸುರಿದು ಶಾಸ್ತ್ರದ ಸ್ನಾನ ಮಾಡಿಸಿದರು, ಸೊಂಟಕ್ಕೆ ಹಗ್ಗ ಕಟ್ಟಿದರು, ಬಾಯಲ್ಲಿ ಸೀಟಿ ಇಟ್ಟುಕೊಂಡು ದಡದಲ್ಲಿ ಕುಳಿತರು. ನಾನು ಇಳಿದೆ.

ಮುಖವಾಡದೊಳಗಿಂದ ನೋಡಿದೆ. ಬಿಸಿಲು ನೀರೊಳಗೆ ಇಳಿದಿತ್ತು. ಹಿಂದೆ ಕಲ್ಲು ಸೀಳಿದ ಉಳಿಯ ಗುರುತುಗಳು ಸಾಲಾಗಿ ಕೆಳಗಿನವರೆಗೆ ಕಾಣುತ್ತಿದ್ದವು. ಸಣ್ಣ ಸಣ್ಣ ಮೀನುಗಳು ನನ್ನ ಬೆರಳುಗಳ ಮಧ್ಯೆ ಹಾದುಹೋದವು. ನನಗೆ ಒಂದು ಗಳಿಗೆ ಗದ್ದದ ಕೆಳಗೆ ಅಕ್ಕನ ಅಂಗೈ ಇದ್ದ ಹಾಗೇ ಅನ್ನಿಸಿತು. ದಡಕ್ಕೆ ಬಂದವಳೇ, ಅಕ್ಕನನ್ನು ನಾಳೆಯೇ ಕರೆದುಕೊಂಡು ಬನ್ನಿ ಭಾವ, ಇದಕ್ಕೆ ಇನ್ಯಾವ ಟ್ರಯಲ್ಲೂ ಬೇಡ ಎಂದು ಅಂಗಲಾಚಿದೆ. ಅವರು ಬಗ್ಗಿ ಬಂಡೆಯನ್ನು ಕೈಯಿಂದ ಸವರಿ ನೋಡಿದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಬಂಡೆಯ ಮೇಲೆ ಇಂಟು ಹಾಕಿದರು.

"ಇಳಿಯೋ ಜಾಗ ಜಾರುತ್ತೆ. ಅವಳು ಬೀಳಬಾರದು."

ಅವಳು ಪಂಪ್‌ಹೌಸಿನ ಮೇಲಿಂದ ಹಾರಿದವಳು ಎಂದೆ. ಆಗ ಅವಳು ನನ್ನ ಹೆಂಡತಿ ಆಗಿರಲಿಲ್ಲ ಎಂದರು.

ಪೀಣ್ಯದಲ್ಲಿ ಒಂದು ಏಣಿ ತಯಾರಾಯಿತು. ತುಕ್ಕು ಹಿಡಿಯಬಾರದೆಂದು ಸ್ಟೇನ್‌ಲೆಸ್ ಸ್ಟೀಲಿನದು. ಟ್ರಯಲ್ಲಿಗೆ ಇಳಿಸಿದರೆ ಗಿಡ್ಡವಾಯಿತು. ಉದ್ದ ಮಾಡಿಸಿದರೆ ಅಲ್ಲಾಡಿತು. ಮನೆಯಲ್ಲಿ ಅಕ್ಕ ಮೊದಮೊದಲು ಪ್ರತಿ ಶನಿವಾರ ರಾತ್ರಿ ನಾಳೆ ಹೋಗೋಣವಾ ಎಂದು ಕೇಳುತ್ತಿದ್ದಳು. ಆಮೇಲೆ, ಈ ವಾರ ಏನು ಸರಿಯಿಲ್ಲವಂತೆ ಎಂದು ನಗುತ್ತ ನನ್ನನ್ನು ಕೇಳತೊಡಗಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಭಾನುವಾರ ಸಂಜೆ ನಾನು ಮರಳಿದಾಗ ನನ್ನ ಒದ್ದೆ ಜಡೆಯನ್ನು ಬಿಚ್ಚಿ ಟವೆಲಿನಿಂದ ಒರೆಸುವವಳು ಅವಳೇ. ಒರೆಸುತ್ತ ಒಮ್ಮೆ ನನ್ನ ಕೂದಲನ್ನು ಮೂಸಿ ನೋಡಿದಳು. ಪಾಚಿಯ ವಾಸನೆ, ನಮ್ಮ ಬಾವೀದೇ ಅಂದಳು.

ಕೊನೆಗೊಂದು ದಿನ ಏಣಿಯನ್ನು ಬಂಡೆಗೆ ಬೋಲ್ಟು ಹಾಕಿ ಬಿಗಿದು, ಮೇಲಿನ ಮೆಟ್ಟಿಲಿಗೆ ಭಾವ ಹಸಿರು ಚುಕ್ಕೆ ಇಟ್ಟರು. ಎಲ್ಲವೂ ಪಾಸು! ಆ ವಾರವೇ ಮಳೆ ಹಿಡಿಯಿತು. ಕೊಳ ಕೆಂಪಾಗಿರುತ್ತದೆ, ತಳ ಕಾಣುವುದಿಲ್ಲ, ಮಳೆ ಮುಗಿದು ನೀರು ತಿಳಿಯಾಗಲಿ ಎಂದರು. ತಿಳಿಯಾಗಲಿ ಎಂದು ನಾವೆಲ್ಲ ಕಾದೆವು.

ದಸರಾ ಕಳೆದ ಮೇಲೆ ಒಂದು ಭಾನುವಾರ ಭಾವ ವ್ಯಾನು ತಂದರು. ಅಕ್ಕ ಎಣ್ಣೆ ಮುಟ್ಟಿಸದೆ ತಲೆ ಬಾಚಿ, ಹಳೆಯ ಚೂಡಿದಾರದ ಮೇಲೆ ಸೀರೆ ಉಟ್ಟು ಕುಳಿತಿದ್ದಳು. ನೀರಿಗೆ ಇಳಿಯುವಾಗ ಸೀರೆ ಬಿಚ್ಚಿಟ್ಟರಾಯಿತು ಎಂಬ ಉಪಾಯ. ದಾರಿಯುದ್ದಕ್ಕೂ ಅವಳು ನಮ್ಮ ಬಾವಿಯ ಮಾತನ್ನೇ ಆಡಿದಳು. ಮಂಟಪದ ಮುಂದೆ ಭಾವ ಛತ್ರಿ ಎತ್ತಿ, ಇಲ್ಲಿ ಸಂತೆಗೆ ಹೋಗುವವರು ತಂಗುತ್ತಿದ್ದರು, ಇಲ್ಲಿ ಎತ್ತು ಕಟ್ಟುತ್ತಿದ್ದರು, ಈ ಕಂಬದ ಮೇಲೆ ಸೂರು ಇತ್ತು ಎಂದು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಯಜಮಾನರೂ ಬೀಡಿ ಆರಿಸಿ ಕೇಳಿದರು. ತೊಟ್ಟಿಯಲ್ಲಿ ಅಕ್ಕ ಮುಖವಾಡ ಹಾಕಿ ಬಗ್ಗಿ ಕಿತ್ತಳೆ ಬಣ್ಣದ ಮೀನುಗಳನ್ನು ನೋಡಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. "ಮುಖ ಮಾತ್ರ ನೀರಿಗಿಳಿದ್ರೆ ಮೈಗೆ ಹೊಟ್ಟೆಕಿಚ್ಚು ಆಗುತ್ತೆ ಕಣ್ರೀ, ಬೇಗ ನಡೀರಿ" ಎಂದಳು. ಮುಖವಾಡವನ್ನು ವ್ಯಾನಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಳು.

ಕ್ವಾರಿಯ ಹತ್ತಿರ ಬಂದಾಗ ಒಂದು ಲಾರಿ ಎದುರಾಯಿತು, ಹಿಂದೆ ಇನ್ನೊಂದು. ಆ ಕಡೆ ದೊಡ್ಡ ದೊಡ್ಡ ಗಾಜಿನ ಕಟ್ಟಡಗಳು ಏಳತೊಡಗಿದ್ದ ಕಾಲ ಅದು. ಅವುಗಳ ಪಾಯ ತೋಡಿದ ಮಣ್ಣನ್ನು ಎಲ್ಲಾದರೂ ಸುರಿಯಬೇಕಲ್ಲ? ನಾವು ಇಳಿದು ನೋಡಿದಾಗ ಕೊಳವಿದ್ದ ಕಡೆ ಕೆಂಪು ಮಣ್ಣು ಸಮತಟ್ಟಾಗಿ ಹರಡಿತ್ತು. ಅತ್ತಿಮರ ಅರ್ಧ ಹೂತಿತ್ತು. ಮಣ್ಣಿನಿಂದ ಏಣಿಯ ಮೇಲಿನ ಮೆಟ್ಟಿಲೊಂದು ಹೊರಗೆ ಕಾಣುತ್ತಿತ್ತು. ತುಕ್ಕು ಹಿಡಿದಿರಲಿಲ್ಲ. ಹಸಿರು ಚುಕ್ಕೆ ಹಾಗೇ ಇತ್ತು.

ಭಾವ ಛತ್ರಿ ಹಿಡಿದು ನಿಂತೇ ಇದ್ದರು. ಯಾವುದಕ್ಕೂ ಒಂದು ತೀರ್ಪು ಇಟ್ಟುಕೊಂಡಿರುತ್ತಿದ್ದ ಆ ಮನುಷ್ಯ ಜೇಬಿನ ಸೀಮೆಸುಣ್ಣಕ್ಕೆ ಕೈ ಹಾಕಿ, ಬರಿಗೈಯನ್ನೇ ಹೊರಗೆ ತೆಗೆದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕೊಳವನ್ನು ಕಂಡ ಕಣ್ಣು ನನ್ನದಾಯಿತಲ್ಲ, ಅವಳದಾಗಬೇಕಿತ್ತಲ್ಲ ಎಂದು ಮಾತ್ರ ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಅಕ್ಕ ನಿಧಾನವಾಗಿ ನಡೆದುಹೋಗಿ ಏಣಿಯ ಪಕ್ಕ ಮಣ್ಣಿನ ಮೇಲೆ ಕುಳಿತಳು. ಆ ಮೆಟ್ಟಿಲ ಮೇಲೆ, ಬಕೆಟ್ಟಿನ ನೀರಿನ ಮೇಲೆ ಇಡುತ್ತಿದ್ದ ಹಾಗೆ, ಅಂಗೈ ಇಟ್ಟಳು. ಆಮೇಲೆ ಭಾವನ ಕಡೆ ತಿರುಗಿದಳು.

"ಬೆಳಿಗ್ಗೆ ಆ ಬಿದ್ದ ಕಲ್ಲುಗಳ ಮುಂದೆ ನಿಂತು ಅಲ್ಲಿ ಏನೇನಿತ್ತು ಅಂತ ಹೇಳಿದ್ರಲ್ಲ, ಇಲ್ಲೂ ಹೇಳ್ರಿ. ಕೇಳ್ತೀನಿ."

ಹೀಗೆ ಹೇಳಿ ಮುಖವಾಡ ಹಾಕಿಕೊಂಡಳು. ಬಯಲಿನಲ್ಲಿ, ಕೆಂಪು ಮಣ್ಣಿನ ಮೇಲೆ, ಮೂತಿಗೆ ಗಾಜು ಕಟ್ಟಿಕೊಂಡು ಪದ್ಮಾಸನ ಹಾಕಿ ಕುಳಿತ ಹೆಂಗಸನ್ನು ಕಂಡು ಲಾರಿಯವನು ಹಾರ್ನ್ ಹೊಡೆಯುವುದನ್ನೂ ಮರೆತು ನೋಡಿದ. ಭಾವ ಛತ್ರಿ ಎತ್ತಿದರು. ಲೇಡೀಸ್ ಅಂಡ್ ಜಂಟಲ್‌ಮನ್ ಎಂದು ಶುರುಮಾಡಿದರು. ಇಲ್ಲಿಂದ ಇಳಿಯಬೇಕಿತ್ತು, ಮೊದಲು ಕಾಲಿಗೆ ತಣ್ಣಗಾಗುತ್ತಿತ್ತು ಎಂದರು. ಅಲ್ಲಿಗೆ ನಿಂತರು. ಅದರ ಮುಂದಿನದು ಅವರಿಗೆ ಗೊತ್ತಿರಲಿಲ್ಲ, ಅವರು ಯಾವ ನೀರಿಗೂ ಇಳಿದವರಲ್ಲ. ನನ್ನ ಕಡೆ ನೋಡಿದರು.

"ನೀನು ಹೇಳಮ್ಮ. ಒಳಗೆ ಹೇಗಿತ್ತು, ಅವಳಿಗೆ ಹೇಳು."

ನಾನು ಹೇಳಿದೆ. ಬಿಸಿಲು ಇಳಿದದ್ದು, ಉಳಿಯ ಗುರುತುಗಳು, ಬೆರಳಿನ ಮಧ್ಯೆ ಹಾಯ್ದ ಮೀನು, ಗದ್ದದ ಕೆಳಗೆ ಅವಳ ಕೈ. ಅಕ್ಕ ಅಲ್ಲಾಡದೆ ಕೇಳಿದಳು. ಭಾವ ಅವಳ ಎದುರು ಮಂಡಿಯೂರಿ ಕುಳಿತು ಮುಖವಾಡವನ್ನೇ ನೋಡುತ್ತಿದ್ದರು. ಹೊರಗಿನಿಂದ ಒಂದು ಹನಿಯೂ ನುಗ್ಗದ ಹಾಗೆ ಅವರು ಮಾಡಿದ್ದ ಆ ಗಾಜಿನ ತಳದಲ್ಲಿ ನೀರು ನಿಂತಿತ್ತು.

ಅಕ್ಕ ಮುಖವಾಡ ತೆಗೆದು ಅವರ ಕೈಗೆ ಕೊಟ್ಟಳು.

"ಸೋರ್ತಾ ಇದೆ ಕಣ್ರೀ. ಇರ್ಲಿ, ಪಾಸು ಮಾಡಿಬಿಡಿ."